ಲಿಲ್ಲಿ ಗಿಡದ ಬಾಣಂತನ

ಅಲಮೇಲಮ್ಮನವರಿಗೆ ತಿಳಿಯದ ವಿಷಯವೇ ಇಲ್ಲವೆಂದು ಅವರ ಯಜಮಾನರು ಸೀತಾರಾಮಯ್ಯ ಆಫೀಸಿನ ತುಂಬ ಹೇಳಿಕೊಂಡು ತಿರುಗುತ್ತಿದ್ದರು. ಮನೆಯಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ (ಬಿಟ್ಟರೆ ಆಮೇಲೆ ಸಂಸಾರ ಮಾಡುವುದು ಹೇಗೆ?).

ಎಮರ್ಜೆನ್ಸಿ ಮುಗಿದ ಮರುವರ್ಷ ಅವರನ್ನು ತುಮಕೂರಿನಿಂದ ಗುಬ್ಬಿಗೆ ವರ್ಗ ಮಾಡುವ ಸುದ್ದಿ ಹಬ್ಬಿತು. ಗುಬ್ಬಿಯೇನು ಸಪ್ತಸಾಗರದಾಚೆ ಇಲ್ಲ, ಬಸ್ಸಿನಲ್ಲಿ ಒಂದು ತೂಕಡಿಕೆ ಮುಗಿಯುವಷ್ಟರಲ್ಲಿ ಬಂದುಬಿಡುತ್ತದೆ. ಆದರೆ ದಿನಾ ಮಧ್ಯಾಹ್ನ ಮನೆಗೆ ಬಂದು ಬಿಸಿ ಬಿಸಿ ಸಾರನ್ನ ಉಂಡು, ಕೊಂಚ ಉರುಳಿಕೊಂಡು ಹೋಗುವ ಮನುಷ್ಯನಿಗೆ ಅದು ಅಂಡಮಾನೇ ಸರಿ. ಅಷ್ಟರಲ್ಲಿ ಆಫೀಸಿನ ಸಾಹೇಬರ ಹೆಂಡತಿ ಶಕುಂತಲಮ್ಮ ತವರಿಗೆ ಹೊರಟರು. ತಮ್ಮ ಪ್ರಾಣಪ್ರಿಯವಾದ ಲಿಲ್ಲಿ ಕುಂಡವನ್ನು ಸೀತಾರಾಮಯ್ಯನವರ ಕೈಗೆ ಕೊಟ್ಟು, "ಮನೆಯೊಳಗೇ ಇಟ್ಟು ಜೋಪಾನ ಮಾಡಿ. ಬಂದ್ಮೇಲೆ ಸಾಹೇಬರ ಹತ್ರ ನಿಮ್ಮ ವಿಷಯ ಮಾತಾಡ್ತೀನಿ" ಎಂದರು.

ಸೀತಾರಾಮಯ್ಯ ಎದ್ದರೆ ನೀರು ಹಾಕಿದರು, ಕೂತರೆ ನೀರು ಹಾಕಿದರು. ಎಲೆ ಹಳದಿಗೆ ತಿರುಗಿ ಜೋತುಬಿತ್ತು. ಗಾಬರಿಯಿಂದ ಇನ್ನೊಂದು ಚೊಂಬು ಸುರಿದರು.

"ಗುಬ್ಬಿ ಗ್ಯಾರಂಟಿ ಕಣೇ" ಎಂದು ತಲೆಯ ಮೇಲೆ ಕೈಹೊತ್ತು ಕೂತರು.

ಅಲಮೇಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಬಗ್ಗಿ ನೋಡಿದರು. ಗಿಡದ ಬುಡದಲ್ಲಿ ಪುಟ್ಟದೊಂದು ಮರಿಗಿಡ ಎದ್ದಿತ್ತು.

"ಇದು ಕಾಯಿಲೆ ಅಲ್ಲಾರೀ, ಮರಿ ಹಾಕಿದೆ. ಹಸೀ ಬಾಣಂತಿಗೆ ಯಾರಾದ್ರೂ ಹಿಂಗೆ ಚೊಂಬುಗಟ್ಲೆ ತಣ್ಣೀರು ಕುಡಿಸ್ತಾರಾ?"

"ಗಿಡಕ್ಕೆ ಬಾಣಂತನಾನಾ? ಯಾವ ಬಾಟನಿ ಪುಸ್ತಕದಲ್ಲಿದೆಯೇ ಅದು?"

"ನಿಮ್ಮ ಮೂರು ಮಕ್ಕಳನ್ನ ನಾನೇನು ಬಾಟನಿ ಪುಸ್ತಕ ನೋಡ್ಕೊಂಡು ಹೆತ್ನಾ?"

ಲಿಲ್ಲಿ ಅಂದೇ ಬಿಸಿಲು ಬೀಳುವ ಕಿಟಕಿಯಿದ್ದ ಚಿಕ್ಕ ಕೋಣೆ ಸೇರಿತು. ಬೆಳಿಗ್ಗೆ ಕೂಸಿಗೆ ಹಾಲು ಹಾಕುವ ಒಳಲೆಯಲ್ಲಿ ಒಂದೇ ಒಂದು ಒಳಲೆ ನೀರು, ಸಂಜೆ ಸಾಂಬ್ರಾಣಿ ಹೊಗೆ. ಗಂಡಸರಿಗೆ ಪ್ರವೇಶವಿಲ್ಲ. ಒಮ್ಮೆ ಬೆನ್ನ ಹಿಂದೆ ಚೊಂಬು ಬಚ್ಚಿಟ್ಟುಕೊಂಡು ನುಗ್ಗಹೋದ ಸೀತಾರಾಮಯ್ಯ ಬಾಗಿಲಲ್ಲೇ ಸಿಕ್ಕಿಬಿದ್ದು, ಆ ನೀರನ್ನು ತಾವೇ ಕುಡಿಯಬೇಕಾಯಿತು. ಅದೇ ಸಮಯಕ್ಕೆ ಆಫೀಸಿನವರು ಏನೋ ತುರ್ತು ಕೆಲಸವೆಂದು ಅವರನ್ನು ಕೆಲವು ದಿನ ಗುಬ್ಬಿಗೆ ಅಟ್ಟಿದರು. ಸೀತಾರಾಮಯ್ಯ ಅಲ್ಲಿನ ನೆಂಟರ ಮನೆಯಲ್ಲಿ ನೀರುಸಾರು ಉಣ್ಣುತ್ತಾ ದಿನ ದೂಡಿದರು.

ವಾಪಸ್ಸು ಬಂದು ನೋಡುತ್ತಾರೆ, ಗಿಡ ಹಸಿರಾಗಿ ನಿಂತಿದೆ, ನಡುವೆ ಮೊಗ್ಗು! ಸೀತಾರಾಮಯ್ಯನವರ ಕಣ್ಣು ತುಂಬಿತು. "ನೀನು ಸಾಮಾನ್ಯಳಲ್ಲ ಕಣೇ" ಎಂದರು. ಅದು ಹೃದಯದಿಂದಲೇ ಬಂದ ಮಾತು.

ಶಕುಂತಲಮ್ಮ ಬಂದಾಗ ಹೂವು ಅರಳಿತ್ತು. "ಅದು ಹೇಗೆ ಇಷ್ಟು ಚೆನ್ನಾಗಿ ನೋಡ್ಕೊಂಡ್ರಿ?" ಎಂದು ಕೇಳಿದರು.

ಸೀತಾರಾಮಯ್ಯ ಗಂಟಲು ಸರಿಮಾಡಿಕೊಳ್ಳುವ ಮೊದಲೇ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಅಲಮೇಲಮ್ಮ ಹೇಳಿದರು: "ಇವರು ಮನೇಲಿರೋವರ್ಗೂ ಕೊಳೀತಾ ಇತ್ತಮ್ಮ. ಗುಬ್ಬಿಗೆ ಹೋದ್ರು ನೋಡಿ, ಚಿಗುರ್ಕೊಂಡ್ತು."

ಶಕುಂತಲಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. "ಹಾಗಾದ್ರೆ ಇದು ನಿಮ್ಮ ಹತ್ರಾನೇ ಇರ್ಲಿ, ಅಲಮೇಲಮ್ಮ. ನಮ್ಮನೇಲೂ ಇಂಥೋರೇ ಒಬ್ಬರಿದಾರೆ" ಎಂದು ಕುಂಡವನ್ನು ಅಲ್ಲೇ ಬಿಟ್ಟುಹೋದರು. ಆಡಿದ ಮಾತಿಗೆ ತಪ್ಪದ ಹೆಂಗಸು. ಸಾಹೇಬರ ಹತ್ತಿರ ಸೀತಾರಾಮಯ್ಯನವರ ವಿಷಯ ಮಾತಾಡಿಯೇ ಮಾತಾಡಿದರು. ವಾರದೊಳಗೆ ಗುಬ್ಬಿಯ ಆರ್ಡರ್ ಬಂತು, ಗಿಡದ ಹಿತದೃಷ್ಟಿಯಿಂದ.