ಐವತ್ತೆಂಟಕ್ಕೆ ಮೋರಿ ಕೋರ್ಸು

ನಾನು ಏನಾದರೂ ಕಲಿಯಲು ಕೂತಾಗಲೆಲ್ಲ ಪಕ್ಕದಲ್ಲಿ ಯಾರಾದರೂ ನಕ್ಕೇ ನಗುತ್ತಾರೆ. ಇದು ಇವತ್ತು ನಿನ್ನೆಯದಲ್ಲ. ಎಸ್ಸೆಸ್ಸೆಲ್ಸಿ ಫೇಲಾಗಿ ಮಿಕ್ಸಿ ರಿಪೇರಿ ಅಂಗಡಿಗೆ ಸೇರಿದ ಮೊದಲ ದಿನವೇ ಒಂದು ಮಿಕ್ಸಿ ಬಿಚ್ಚಿ, ಮತ್ತೆ ಜೋಡಿಸಿದೆ. ನಾಲ್ಕು ಸ್ಕ್ರೂ ಉಳಿದವು. "ಕಂಪನಿಯವರು ದಡ್ಡರು, ನಾಲ್ಕು ಸ್ಕ್ರೂ ದಂಡ ಮಾಡಿದ್ದಾರೆ" ಎಂದು ಯಜಮಾನರಿಗೆ ಹೇಳಿದೆ. ಅವರು ಸ್ವಿಚ್ ಹಾಕಿದರು. ಜಾರ್ ಅವರ ಕಿವಿಯ ಪಕ್ಕದಿಂದ ಹಾದು ರಸ್ತೆಗೆ ಹೋಯಿತು.

ಈಗ ಬನಶಂಕರಿ ಎರಡನೇ ಹಂತದಲ್ಲಿ ನನ್ನದೇ ಅಂಗಡಿ ಇದೆ. ಮಿಕ್ಸಿ, ಗ್ರೈಂಡರ್, ಗ್ಯಾಸ್ ಸ್ಟೌ. ಉಳಿದದ್ದನ್ನೆಲ್ಲ ನಾನೇ ಓದಿಕೊಂಡೆ. ಪೇಪರನ್ನು ಅಂಗಡಿಯಲ್ಲಿ ಕೂತು ಗಟ್ಟಿಯಾಗಿ ಓದಿ ಓದಿ ಕಾನೂನು ಕಲಿತೆ, ಅರ್ಜಿ ಬರೆಯುವುದು ಕಲಿತೆ, ಅಧಿಕಾರಿಗಳ ಮೇಲೆ ಕೂಗಾಡುವುದನ್ನಂತೂ ಯಾರೂ ಕಲಿಸಬೇಕಾಗಲಿಲ್ಲ. ವಾರ್ಡಿನಲ್ಲಿ ನನ್ನನ್ನು ಎಲ್ಲರೂ ಬಲ್ಲರು. ಮಿಕ್ಸಿಯಿಂದಲ್ಲ.

ಏನ್ ಓದಿದ್ದೀರಾ?

ನನ್ನ ಅಂಗಡಿಯ ಎದುರು ಒಬ್ಬ ಟೈಲರ್ ಅಕ್ಕ ಇದ್ದಾರೆ. ಬ್ಲೌಸ್ ಹೊಲಿಯುತ್ತಾರೆ, ಸೀರೆಗೆ ಫಾಲ್ಸ್ ಹಾಕುತ್ತಾರೆ. ಅವರ ಅಂಗಡಿ ರಸ್ತೆಗಿಂತ ಎರಡು ಮೆಟ್ಟಿಲು ಕೆಳಗೆ. ಜೋರು ಮಳೆ ಬಂದರೆ ಮುಂದಿನ ಮೋರಿ ಉಕ್ಕಿ, ನೀರು ಒಳಗೆ ಹೋಗುತ್ತದೆ. ಈ ವರ್ಷ ಆಗಲೇ ಮೂರು ಸಲ ಹೋಗಿತ್ತು. ಮೂರನೇ ಸಲ ಅಕ್ಕ ಯಾರದೋ ಮದುವೆ ಸೀರೆಯನ್ನು ತಲೆಯ ಮೇಲೆ ಹೊತ್ತು ನಿಂತುಕೊಂಡೇ ಹೇಳಿದರು: "ಅಣ್ಣ, ಇನ್ನೊಂದ್ಸಲ ನೀರು ಬಂದ್ರೆ ಅಂಗಡಿ ಬೀಗ ಹಾಕ್ತೀನಿ. ನನ್ ಕೈಲಾಗಲ್ಲ."

ಈ ಮೋರಿಯ ಬಗ್ಗೆ ನಾನು ವಾರ್ಡ್ ಆಫೀಸಿಗೆ ಏಳು ಅರ್ಜಿ ಕೊಟ್ಟಿದ್ದೆ. ಏಳಕ್ಕೂ ನನ್ನ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಂಡಿದ್ದೆ. ಸೀಲ್ ಬಿದ್ದರೆ ನನಗೆ ಅರ್ಧ ಗೆದ್ದ ಹಾಗೆ. ಆಮೇಲೆ ಆ ಅರ್ಜಿಯನ್ನು ನಾನೂ ಓದುವುದಿಲ್ಲ, ಅವರೂ ಓದುವುದಿಲ್ಲ.

ವಾರ್ಡ್ ಸಮಿತಿ ಸಭೆಗೆ ಹೊಸ ಇಂಜಿನಿಯರ್ ಮೇಡಂ ಬಂದಿದ್ದರು. ನಾನು ಎದ್ದು ಹತ್ತು ನಿಮಿಷ ಕೂಗಿದೆ. ಅವರು ಕೈಯಲ್ಲಿ ಪೆನ್ನು ಹಿಡಿದು, ತಣ್ಣಗೆ ಕೇಳಿದರು: "ಸಾರ್, ನೀವು ಏನ್ ಓದಿದ್ದೀರಾ?"

ನನ್ನ ಮೈ ಉರಿಯಿತು. "ಮುಂದಿನ ಸಭೆಗೆ ಸರ್ಟಿಫಿಕೇಟ್ ತಂದು ನಿಮ್ಮ ಮೇಜಿನ ಮೇಲೆ ಇಡ್ತೀನಿ ಮೇಡಂ!" ಎಂದು ಕುರ್ಚಿ ತಳ್ಳಿ ಹೊರಬಂದೆ. ಬಹಳ ಗಂಭೀರವಾದ ನಿರ್ಗಮನ. ಚಪ್ಪಲಿ ಮಾತ್ರ ಬೇರೆಯವರದು ಹಾಕಿಕೊಂಡು ಬಂದಿದ್ದೆ. ಅದನ್ನು ಬದಲಾಯಿಸಲು ಮತ್ತೆ ಒಳಗೆ ಹೋಗಬೇಕಾಯಿತು.

ಹನ್ನೊಂದು ಕಾಲೇಜು

ಫೋನಿನಲ್ಲಿ ಪುಕ್ಕಟೆ ಕೋರ್ಸುಗಳಿವೆ, ಯಾವ ವಯಸ್ಸಿನವರೂ ಸೇರಬಹುದು, ಮಾರ್ಕ್ಸ್ ಕಾರ್ಡ್ ಕೇಳುವುದಿಲ್ಲ ಎಂದು ಗೊತ್ತಾದ ದಿನ ನನಗೆ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ನನ್ನನ್ನು ಗೇಟಿನ ಹೊರಗೆ ನಿಲ್ಲಿಸಿದ್ದ ಕಾಲೇಜುಗಳೆಲ್ಲ ಬಾಗಿಲು ತೆಗೆದು ಕೂತಿವೆ! ಸೇಡು ತೀರಿಸಿಕೊಳ್ಳಬೇಕು ಅನ್ನಿಸಿತು. ಒಂದೇ ವಾರದಲ್ಲಿ ಹನ್ನೊಂದು ಕೋರ್ಸಿಗೆ ಸೇರಿದೆ. ಮಳೆನೀರು ಮತ್ತು ಚರಂಡಿ, ಸಂವಿಧಾನ, ಭೂಕಂಪ, ಷೇರು ಮಾರುಕಟ್ಟೆ, ಜೇನು ಸಾಕಣೆ, ಸಿಟ್ಟು ನಿಭಾಯಿಸುವುದು, ಇನ್ನೂ ಏನೇನೋ.

"ಜೇನು ಎಲ್ಲಿ ಸಾಕ್ತೀರಾ? ಬಾತ್‌ರೂಮಲ್ಲಾ?" ಎಂದಳು ಹೆಂಡತಿ.

"ಜ್ಞಾನ ಕಣೇ. ಎಲ್ಲಾದರೂ ಉಪಯೋಗಕ್ಕೆ ಬರುತ್ತೆ."

ಹನ್ನೊಂದರಲ್ಲೂ ಮೊದಲನೇ ಪಾಠ ನೋಡಿದೆ. ಎಲ್ಲ ಮೊದಲ ಪಾಠಗಳಲ್ಲೂ ಮೇಷ್ಟರು "ನಿಮಗೆ ಸ್ವಾಗತ" ಎನ್ನುತ್ತಾರೆ. ಎರಡು ವಾರದ ಕೊನೆಗೆ ನನಗೆ ಬಂದಿದ್ದ ವಿದ್ಯೆ ಎಂದರೆ ಹನ್ನೊಂದು ಥರ ಸ್ವಾಗತಿಸುವುದು.

ಅಷ್ಟರಲ್ಲಿ ಒಂದು ಸಂಜೆ ಮೋಡ ಕವಿಯಿತು. ಅಕ್ಕ ಎದುರುಗಡೆ ಸೀರೆಗಳನ್ನೆಲ್ಲ ಅಟ್ಟಕ್ಕೆ ಏರಿಸುತ್ತಿದ್ದರು. ನಾನು ಇಲ್ಲಿ ಕೂತು ಭೂಕಂಪಕ್ಕೆ ಸ್ವಾಗತ ಹೇಳಿಸಿಕೊಳ್ಳುತ್ತಿದ್ದೆ. ಮುಖಕ್ಕೆ ಹೊಡೆದ ಹಾಗಾಯಿತು. ಚರಂಡಿ ಒಂದನ್ನು ಉಳಿಸಿಕೊಂಡು ಉಳಿದ ಹತ್ತನ್ನೂ ಬಿಟ್ಟೆ. ಮೊದಲು ಬಿಟ್ಟದ್ದು ಸಿಟ್ಟು ನಿಭಾಯಿಸುವ ಕೋರ್ಸು. ಆ ಮೇಷ್ಟರು ಬಹಳ ನಿಧಾನ ಮಾತಾಡುತ್ತಿದ್ದರು, ಸಿಟ್ಟು ಬರುತ್ತಿತ್ತು.

ಸೀಲ್ ಎಲ್ಲಿ?

ಚರಂಡಿ ಕೋರ್ಸಿನ ಎರಡನೇ ವಾರದ ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ನನ್ನ ಉತ್ತರ ತಪ್ಪು ಎಂದು ಬಂತು. ನಾನು ತಪ್ಪೇ? ಕೂತು ಅರ್ಜಿ ಬರೆದೆ. "ಮಾನ್ಯರೇ, ಸದರಿ ಪ್ರಶ್ನೆಯಿಂದ ದುಡಿಯುವ ವರ್ಗದ ವಿದ್ಯಾರ್ಥಿಗಳಿಗೆ ಅನ್ಯಾಯವಾಗಿದ್ದು, ಏಳು ದಿನದೊಳಗೆ ಸರಿಪಡಿಸದಿದ್ದಲ್ಲಿ ಉಗ್ರ ಹೋರಾಟ ಅನಿವಾರ್ಯ." ಕೋರ್ಸಿನವರ ಇಮೇಲಿಗೆ ಕಳಿಸಿದೆ.

ಒಂದೇ ನಿಮಿಷದಲ್ಲಿ ಉತ್ತರ! ನಿಮ್ಮ ಪತ್ರ ತಲುಪಿದೆ, ನೀವು ನಮಗೆ ಮುಖ್ಯ, ಶೀಘ್ರದಲ್ಲೇ ಸಂಪರ್ಕಿಸುತ್ತೇವೆ.

ಸೀಲ್ ಒಂದು ಇರಲಿಲ್ಲ, ಅಷ್ಟೇ. ನಾನು ಅದನ್ನು ಪ್ರಿಂಟ್ ತೆಗೆಸಿ ಬೀದಿಯಲ್ಲೆಲ್ಲ ಓದಿದೆ. ಟೀ ಅಂಗಡಿಯಲ್ಲಿ ಓದಿದೆ. ಅಕ್ಕನ ಅಂಗಡಿಗೆ ಹೋಗಿ ಓದಿದೆ. "ನೋಡಿ, ವ್ಯವಸ್ಥೆ ಅಂದ್ರೆ ಇದು. ನಮ್ಮ ವಾರ್ಡ್ ಆಫೀಸಿನವರು ಕಲೀಬೇಕು. ನಾನು ಅವರಿಗೆ ಮುಖ್ಯ ಅಂತೆ!"

ಅಕ್ಕ ಮಿಷನ್ ತುಳಿಯುವುದನ್ನು ನಿಲ್ಲಿಸದೆ ಹೇಳಿದರು: "ಅಣ್ಣ, ಅದು ತಂತಾನೇ ಬರೋ ಮೆಸೇಜು. ನನ್ ಸಿಮ್ಮಿನವರೂ ಕಳಿಸ್ತಾರೆ. ಅವರಿಗೂ ನಾನು ಮುಖ್ಯ."

ಮನೆಗೆ ಬಂದು ಆ ಪಾಠವನ್ನು ಮತ್ತೆ ನೋಡಿದೆ. ಉತ್ತರ ಅಲ್ಲೇ ಇತ್ತು. ಮೇಷ್ಟರು ಎರಡು ಸಲ ಹೇಳಿದ್ದರು. ಎರಡು ಸಲವೂ ನಾನು ಅವರ ಜೊತೆ ವಾದ ಮಾಡುತ್ತಿದ್ದೆ.

ಮೌಲ್ಯಮಾಪಕ

ಆ ಕೋರ್ಸಿನಲ್ಲಿ ಒಂದು ವಿಚಿತ್ರ ಪದ್ಧತಿ. ಹೋಂವರ್ಕನ್ನು ಮೇಷ್ಟರು ತಿದ್ದುವುದಿಲ್ಲ, ವಿದ್ಯಾರ್ಥಿಗಳೇ ಒಬ್ಬರದನ್ನು ಒಬ್ಬರು ತಿದ್ದಬೇಕು. ಯಾರು ಬರೆದದ್ದು, ಯಾರು ತಿದ್ದಿದ್ದು, ಯಾರಿಗೂ ಗೊತ್ತಾಗುವುದಿಲ್ಲ. "ನಿಮ್ಮ ಬಡಾವಣೆಯ ಒಂದು ಮೋರಿಯ ಸಮಸ್ಯೆಯನ್ನು ನೂರೈವತ್ತು ಪದಗಳಲ್ಲಿ ಇಂಗ್ಲಿಷಿನಲ್ಲಿ ವಿವರಿಸಿ" ಎಂದಿದ್ದರು. ನಾನು ಕನ್ನಡದಲ್ಲಿ ಬರೆದು, ಫೋನಿಗೆ ಹಾಕಿ ಇಂಗ್ಲಿಷ್ ಮಾಡಿಸಿದೆ. ಮೋರಿಯಿಂದ ಶುರು ಮಾಡಿದವನು ದೇಶಕ್ಕೆ ಬಂದೆ. ಒಂಬೈನೂರು ಪದ ಆಯಿತು. ಮೋರಿ ಎಂಬ ಪದ ಎರಡು ಸಲ ಇತ್ತು.

ಹತ್ತಕ್ಕೆ ನಾಲ್ಕು ಮಾರ್ಕ್ಸ್ ಬಂತು. ಕೆಳಗೆ ಯಾರೋ ಬರೆದಿದ್ದರು: ಬರೆದವರಿಗೆ ಮೊದಲು ಒಂದು ಲೋಟ ನೀರು ಕೊಡಿ.

ಆ ಸಿಟ್ಟಿನಲ್ಲೇ ನನಗೆ ತಿದ್ದಲು ಬಂದ ಪತ್ರಿಕೆಯನ್ನು ತೆರೆದೆ. ಫೋನನ್ನು ಅಕ್ಕನ ಅಂಗಡಿಗೆ ಒಯ್ದು, ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿ ಅರ್ಥ ಹೇಳಿದೆ. ಅದೂ ಫೋನಿನಿಂದ ಮಾಡಿಸಿದ ಇಂಗ್ಲಿಷೇ. ಯಾವುದೋ ಊರಿನ ಯಾವುದೋ ಮೋರಿ. ಮೋರಿಯ ಜೊತೆಗೆ ಜನರ ತಾಳ್ಮೆಯೂ ತುಂಬಿದೆ, ತಾಯಂದಿರ ಕಣ್ಣೀರು ಮಳೆನೀರಿಗೆ ಸೇರಿದೆ, ಇನ್ನು ಸಹಿಸುವುದಿಲ್ಲ, ಹೀಗೇ ಸಾಗಿತ್ತು.

"ಚೆನ್ನಾಗಿ ಬರ್ದಿದ್ದಾರಲ್ಲ ಅಣ್ಣ" ಎಂದರು ಅಕ್ಕ.

"ಏನ್ ಚೆನ್ನಾಗಿ? ಬರೀ ಗಂಟಲು. ವಿಷಯ ಎಲ್ಲಿದೆ?" ಎಂದೆ. ನಾಲ್ಕು ವಾರ ಮೋರಿ ಓದಿದವನಲ್ಲವೇ ನಾನು? ಹತ್ತಕ್ಕೆ ಮೂರು ಹಾಕಿದೆ. ಕೆಳಗೆ ಬರೆದು, ಅದನ್ನೂ ಗಟ್ಟಿಯಾಗಿ ಓದಿದೆ: "ಕಣ್ಣೀರು ಬೇಡ, ಅಳತೆ ಬೇಕು. ಉದ್ದ ಎಷ್ಟು? ಆಳ ಎಷ್ಟು? ಇಳಿಜಾರು ಯಾವ ಕಡೆಗೆ? ನೀವು ಒಂದು ಸಲವಾದರೂ ಈ ಮೋರಿಯೊಳಗೆ ಇಣುಕಿ ನೋಡಿದ್ದೀರಾ?"

"ಪಾಪ, ಇನ್ನೆರಡು ಮಾರ್ಕ್ಸ್ ಕೊಡಿ ಅಣ್ಣ. ಯಾರ ಮನೆ ಮಗೂನೋ ಏನೋ."

"ಆಗಲ್ಲ. ಇಂಥವರಿಂದಲೇ ಊರು ಹಾಳಾಗಿರೋದು."

ಕ್ಯಾಮೆರಾದ ಮುಂದೆ

ಕೊನೆಯ ಪರೀಕ್ಷೆ ಮನೆಯಲ್ಲೇ, ಆದರೆ ಕ್ಯಾಮೆರಾ ನೋಡುತ್ತಿರುತ್ತದೆ. ಕೋಣೆಯಲ್ಲಿ ಇನ್ನೊಬ್ಬರು ಇರಬಾರದು, ಇನ್ನೊಬ್ಬರ ದನಿ ಕೇಳಬಾರದು. ವಾರ್ಡ್ ಸಭೆಗೆ ಇನ್ನು ಮೂರೇ ದಿನ. ಇದು ಪಾಸಾದರೆ ಸರ್ಟಿಫಿಕೇಟ್, ಸರ್ಟಿಫಿಕೇಟ್ ಇದ್ದರೆ ಮರ್ಯಾದೆ, ಮರ್ಯಾದೆ ಇದ್ದರೆ ಮೋರಿ. ಮಗಳ ಲ್ಯಾಪ್‌ಟಾಪ್ ಮುಂದೆ ಇಸ್ತ್ರಿ ಶರ್ಟ್ ಹಾಕಿ ಕೂತೆ.

ನನ್ನ ಕಷ್ಟ ಏನೆಂದರೆ, ಅಂಗಡಿಯಲ್ಲಿ ಓದು ಕಲಿತ ನನಗೆ ಗಟ್ಟಿಯಾಗಿ ಓದದಿದ್ದರೆ ಒಂದಕ್ಷರವೂ ತಲೆಗೆ ಹೋಗುವುದಿಲ್ಲ. ಮೊದಲನೇ ಪ್ರಶ್ನೆಯನ್ನು ಓದಿ, ಕನ್ನಡದಲ್ಲಿ ನನಗೆ ನಾನೇ ಹೇಳಿಕೊಂಡೆ: "ಮೋರಿ ಕಟ್ಟಿಕೊಳ್ಳಲು ಮುಖ್ಯ ಕಾರಣವೇನು?"

ಅಡುಗೆಮನೆಯಿಂದ ಹೆಂಡತಿ: "ಎದುರುಮನೆಯವರು ಎಸೆಯೋ ಪ್ಲಾಸ್ಟಿಕ್ಕು!"

ಪರದೆಯ ಮೇಲೆ ಕೆಂಪಕ್ಷರ ಬಂತು: ಇನ್ನೊಬ್ಬರ ದನಿ ಕೇಳಿಸಿದೆ, ಮೊದಲನೇ ಎಚ್ಚರಿಕೆ.

"ಸುಮ್ನಿರೇ!" ಎಂದು ಕೂಗಿದೆ.

"ಕೇಳಿದವರು ನೀವು!"

ಎರಡನೇ ಎಚ್ಚರಿಕೆ.

ನಾನು ಎದ್ದು ಬಾಗಿಲು ಹಾಕಲು ಹೋದೆ. ಕ್ಯಾಮೆರಾದಿಂದ ಆಚೆ ಹೋದದ್ದಕ್ಕೆ ಮೂರನೆಯದು. ಪರೀಕ್ಷೆ ರದ್ದು. ನಾನು ಬಾಗಿಲ ಹತ್ತಿರ ನಿಂತೇ ಇದ್ದೆ. ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದು, ಪರದೆಯ ಮೇಲೆ ಇನ್ನೂ ಕಾಣುತ್ತಿದ್ದ ಆ ಪ್ರಶ್ನೆಯ ನಾಲ್ಕು ಆಯ್ಕೆಗಳನ್ನು ಮಗಳಿಂದ ಓದಿಸಿಕೊಂಡಳು.

"ಮೂರನೇದು ಪ್ಲಾಸ್ಟಿಕ್ ಅಂತಲೇ ಇದೆಯಲ್ಲರೀ. ನಾನು ಪಾಸಾಗ್ತಿದ್ದೆ."

ಮೂರು ಮಾರ್ಕ್ಸ್

ಬರಿಗೈಯಲ್ಲಿ ಸಭೆಗೆ ಹೋದೆ. ಹೋಗದೇ ಇರುವ ಮನಸ್ಸಿತ್ತು. ಅಕ್ಕ "ನಾನೂ ಬರ್ತೀನಿ, ನಡೀರಿ ಅಣ್ಣ" ಎಂದು ಎಳೆದುಕೊಂಡು ಹೋದರು. ಹಿಂದಿನ ಸಾಲಿನಲ್ಲಿ ಕೂತೆ. ನಾನು ಕೂಗದೇ ಇರುವುದನ್ನು ನೋಡಿ ಇಬ್ಬರು ಮೂವರು ಬಂದು ಆರೋಗ್ಯ ವಿಚಾರಿಸಿದರು.

ಇಂಜಿನಿಯರ್ ಮೇಡಂ ನನ್ನನ್ನೇ ಹುಡುಕಿಕೊಂಡು ಬಂದರು. ಕೈಯಲ್ಲಿ ನನ್ನ ಏಳನೇ ಅರ್ಜಿ, ಮುಖದಲ್ಲಿ ಸಂಕೋಚ.

"ಸಾರ್, ಒಂದು ತಪ್ಪು ಒಪ್ಕೋಬೇಕು. ಪ್ರಮೋಷನ್‌ಗೆ ಅಂತ ನಮಗೆ ಒಂದು ಆನ್‌ಲೈನ್ ಕೋರ್ಸ್ ಕಡ್ಡಾಯ ಮಾಡಿದ್ದಾರೆ. ಚರಂಡಿ ಬಗ್ಗೆ. ಅಸೈನ್‌ಮೆಂಟ್ ಬರೆಯೋಕೆ ಟೈಮ್ ಇರಲಿಲ್ಲ. ಟೇಬಲ್ ಮೇಲೆ ನಿಮ್ಮ ಅರ್ಜಿ ಇತ್ತು. ಊರಿನ ಹೆಸರು ತೆಗೆದು, ಅಧಿಕಾರಿಗಳನ್ನ ಬೈದಿರೋದು ತೆಗೆದು, ಫೋನಲ್ಲಿ ಇಂಗ್ಲಿಷ್ ಮಾಡಿ ಹಾಕಿಬಿಟ್ಟೆ. ಕ್ಷಮಿಸಿ."

ನನಗೆ ಎದೆ ಉಬ್ಬಿತು. ಏಳು ಅರ್ಜಿಗಳಲ್ಲಿ ಒಂದನ್ನಾದರೂ ಒಬ್ಬರು ಓದಿದ್ದಾರೆ! "ಪರವಾಗಿಲ್ಲ ಮೇಡಂ. ಎಷ್ಟು ಬಂತು?"

"ಮೂರು."

"ಮೂರಾ? ನನ್ನ ಅರ್ಜಿಗೆ ಮೂರಾ? ಯಾವನ್ರೀ ಅವನು?" ನನ್ನ ಹಳೆಯ ದನಿ ವಾಪಸ್ ಬಂತು. ಆರೋಗ್ಯ ವಿಚಾರಿಸಿದವರಿಗೆಲ್ಲ ಸಮಾಧಾನವಾಯಿತು.

ಮೇಡಂ ಫೋನ್ ತೆಗೆದು ಓದಿದರು: "ಏನೋ ಬರ್ದಿದ್ದಾರೆ ಸಾರ್. ಕಣ್ಣೀರು ಬೇಡ, ಅಳತೆ ಬೇಕು. ಉದ್ದ ಎಷ್ಟು, ಆಳ ಎಷ್ಟು..."

ಪಕ್ಕದಲ್ಲಿ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ಭುಜ ಕುಣಿಯುತ್ತಿತ್ತು.

"...ಒಂದು ಸಲವಾದರೂ ಈ ಮೋರಿಯೊಳಗೆ ಇಣುಕಿ ನೋಡಿದ್ದೀರಾ ಅಂತ. ಅವರು ಕೇಳಿರೋದು ಸರಿ ಸಾರ್. ನಾನು ನೋಡಿಲ್ಲ. ನೀವು ನೋಡಿದ್ದೀರಾ?"

ಏಳು ಅರ್ಜಿ ಬರೆದವನು ನಾನು. ನಾನೂ ನೋಡಿರಲಿಲ್ಲ.

"ನಾಲ್ಕಕ್ಕಿಂತ ಕಡಿಮೆ ಬಂದ್ರೆ ಫೇಲು ಸಾರ್, ಶನಿವಾರದೊಳಗೆ ಮತ್ತೆ ಬರೆದು ಕಳಿಸಬೇಕು. ನಾಳೆ ಬೆಳಿಗ್ಗೆ ಟೇಪ್ ತರ್ತೀನಿ. ನೀವೂ ಬರ್ತೀರಾ?"

ಮರುದಿನ ಮೋರಿಯ ಮೇಲಿನ ಚಪ್ಪಡಿ ಎತ್ತಿಸಿ, ಟೇಪಿನ ಒಂದು ತುದಿ ಅವರು ಹಿಡಿದು, ಇನ್ನೊಂದು ತುದಿ ನಾನು ಹಿಡಿದು ಅಳೆದೆವು. ಮೋರಿಯಲ್ಲಿ ಕಸ ಇತ್ತು, ಅದು ದೊಡ್ಡ ವಿಷಯವಲ್ಲ. ನೀರು ಹೋಗಬೇಕಾದ ಕಡೆಯ ತಳ ಈ ಕಡೆಯ ತಳಕ್ಕಿಂತ ಒಂದು ಗೇಣು ಎತ್ತರ ಇತ್ತು. ಕಟ್ಟಿದವರು ನೀರಿಗೆ ಬೆಟ್ಟ ಹತ್ತಲು ಹೇಳಿದ್ದರು. ಅದು ನನ್ನ ಯಾವ ಅರ್ಜಿಯಲ್ಲೂ ಇರಲಿಲ್ಲ. ಹದಿನೈದು ದಿನದಲ್ಲಿ ಅಗೆದು ಸರಿ ಮಾಡಿದರು. ಮೇಡಂಗೆ ಒಂಬತ್ತು ಮಾರ್ಕ್ಸ್ ಬಂತು. ಆ ವಾರದ ಮಳೆಯಲ್ಲಿ ನೀರು ಅಕ್ಕನ ಮೆಟ್ಟಿಲಿನವರೆಗೂ ಬರಲಿಲ್ಲ. ಸೀರೆಗಳು ಅಟ್ಟದಿಂದ ಕೆಳಗಿಳಿದವು.

ಮುಂದಿನ ಸಭೆಯಲ್ಲಿ ಮೇಡಂ ಹಾಜರಿ ಪುಸ್ತಕವನ್ನು ನನ್ನ ಮುಂದಿಟ್ಟರು. "ಸಾರ್, ಆವತ್ತು ಈ ಒಂದು ಕಾಲಂ ತುಂಬಿಸೋಕೆ ಕೇಳಿದೆ. ನೀವು ಎದ್ದು ಹೋಗಿಬಿಟ್ರಿ." ಎಲ್ಲರ ಹೆಸರಿನ ಮುಂದೆಯೂ ಇತ್ತು ಆ ಕಾಲಂ: ವಿದ್ಯಾರ್ಹತೆ. ಒಬ್ಬರು ಮೂರನೇ ಕ್ಲಾಸು ಎಂದು ಬರೆದು ಆರಾಮಾಗಿ ಕೂತಿದ್ದರು.

ಅಂದರೆ ಆ ಉರಿ, ಆ ಹನ್ನೊಂದು ಕಾಲೇಜು, ಆ ಚಪ್ಪಲಿ, ಎಲ್ಲವೂ ಒಂದು ಖಾಲಿ ಚೌಕಕ್ಕಾಗಿ.

ಪೆನ್ನು ತೆಗೆದುಕೊಂಡು ತಲೆಯೆತ್ತಿ ಬರೆದೆ: ಎಸ್ಸೆಸ್ಸೆಲ್ಸಿ ಫೇಲು. ಸ್ವಲ್ಪ ಯೋಚಿಸಿ ಪಕ್ಕದಲ್ಲಿ ಸೇರಿಸಿದೆ: ಇಂಜಿನಿಯರ್‌ಗಳ ಮೌಲ್ಯಮಾಪಕ.

ಮೇಡಂ ಅದನ್ನು ಓದಿದರು. ನನ್ನ ಮುಖ ನೋಡಿದರು. ಮತ್ತೆ ಓದಿದರು. "ಸಾರ್... ಆ ಮೂರು ಮಾರ್ಕ್ಸು..."

ನಾನು ಚಪ್ಪಲಿ ಹುಡುಕತೊಡಗಿದೆ. ಅಕ್ಕ ಇಡೀ ಸಭೆಗೆ ಕೇಳುವ ಹಾಗೆ ಹೇಳಿದರು:

"ಪೂರ್ತಿ ಬರೀರಿ ಅಣ್ಣ. ಸ್ವಂತ ಅರ್ಜೀನೇ ಓದಿ ಫೇಲ್ ಮಾಡಿದವರು ನಮ್ ವಾರ್ಡಲ್ಲಿ ನೀವೊಬ್ರೇ."