ಚಾರ್ಜಿಗೆ ಕಾದ ಮಾಂಗಲ್ಯ

ಎಲೆಕ್ಟ್ರಿಕ್ ಕಾರು ಕೊಂಡ ಮೇಲೆ ನಮ್ಮ ಕಡೆ ಊರೂರು ತಿರುಗುವವನಿಗೆ ಫಜೀತಿ ಹೊಸದಲ್ಲ. ಆದರೆ ಅಕ್ಕನ ಮಗಳ ಮದುವೆಯ ದಿನ ಒಂದೇ ಬೆಳಿಗ್ಗೆ ಮೂರು ಬಂದವು. ಹೆಗ್ಗಡದೇವನಕೋಟೆಯ ಅಕ್ಕಸಾಲಿಗರು ಆಗಷ್ಟೇ ಮುಗಿಸಿಕೊಟ್ಟ ಮಾಂಗಲ್ಯ ನನ್ನ ಜೇಬಿನಲ್ಲಿತ್ತು. ಮುಹೂರ್ತ ಹನ್ನೊಂದಕ್ಕೆ, ಬೆಟ್ಟದಪುರದ ಛತ್ರದಲ್ಲಿ. ಹಿಂದಿನ ರಾತ್ರಿ ಮನೆಯಲ್ಲಿ ಕರೆಂಟಿಲ್ಲದೆ ಕಾರಿನ ಚಾರ್ಜು ಶೇಕಡಾ ಮೂವತ್ತಕ್ಕೇ ನಿಂತಿತ್ತು.

೧. ಗೇಟು

ಹೆಗ್ಗಡದೇವನಕೋಟೆಯಲ್ಲಿ ಚಾರ್ಜರ್ ಇರುವುದು ಒಂದು ಆಫೀಸಿನ ಕಾಂಪೌಂಡಿನೊಳಗೆ. ಏಳೂವರೆಗೆ ಹೋದರೆ ಗೇಟಿಗೆ ಬೀಗ. ಪಕ್ಕದಲ್ಲೇ ವಾಚ್‌ಮನ್ ಟೀ ಕುಡಿಯುತ್ತಿದ್ದ.

“ಇಪ್ಪತ್ನಾಲ್ಕು ಗಂಟೇನೂ ಓಪನ್ ಅಂತ ಮೊಬೈಲಲ್ಲಿ ತೋರಿಸ್ತಿದೆಯಲ್ಲಪ್ಪ?”

“ಮಿಷಿನ್ನು ಇಪ್ಪತ್ನಾಲ್ಕು ಗಂಟೇನೂ ಓಪನ್ನೇ ಸಾ. ಗೇಟು ಹತ್ತಕ್ಕೆ.”

೨. ಹುರುಳಿ

ಹುಣಸೂರು ಮುಟ್ಟಿದಾಗ ಚಾರ್ಜು ಹದಿನಾಲ್ಕು. ಚಾರ್ಜರ್ ಮುಂದಿನ ಸಿಮೆಂಟು ನೆಲದ ತುಂಬ ಯಾರೋ ಹುರುಳಿ ಗಿಡ ಹರಡಿದ್ದರು. ಕಾವಲಿಗೆ ಒಬ್ಬ ಅಜ್ಜಿ.

“ಅವ್ವಾ, ಸ್ವಲ್ಪ ಜಾಗ ಬಿಡಿ. ಮದುವೆಗೆ ಹೊತ್ತಾಗ್ತಿದೆ.”

“ಬುಡ್ತೀನಿ ಕಣಪ್ಪ. ಮೊದ್ಲು ಇದ್ರ ಮ್ಯಾಲೆ ನಾಕ್ ಸುತ್ತು ಗಾಡಿ ಓಡ್ಸು, ಕಾಳು ಉದುರ್ಲಿ.”

ಬೇರೆ ದಾರಿಯಿಲ್ಲದೆ ಹಿಂದಕ್ಕೂ ಮುಂದಕ್ಕೂ ಓಡಿಸಿದೆ. ಅಜ್ಜಿ ನಿಧಾನವಾಗಿ ಕಾಳು ಗುಡಿಸಿಕೊಂಡರು. ಅಕ್ಕನ ಫೋನು ಎರಡು ಸಲ ಬಂತು. ಕೊನೆಗೆ ಚಾರ್ಜರಿನ ಗನ್ ಕಾರಿಗೆ ಸಿಕ್ಕಿಸಿದರೆ ಮಿಷಿನ್ನು ಉಸಿರೇ ಎತ್ತಲಿಲ್ಲ.

“ಅಯ್ಯೋ, ಅದ್ರಲ್ಲಿ ಕರೆಂಟ್ ಓಗಿ ಮೂರ್ ದಿನ ಆಯ್ತು.”

“ಮೊದಲೇ ಹೇಳಬಾರದಾ ಅವ್ವಾ?”

“ನೀನು ಜಾಗ ಕೇಳ್ದೆ, ಕೊಟ್ಟೆ. ಕರೆಂಟ್ ಕೇಳ್ದಾ?”

೩. ಟೇಪು

ಎ.ಸಿ. ಆರಿಸಿ, ಬೆವರೊರೆಸಿಕೊಳ್ಳುತ್ತಾ ಪಿರಿಯಾಪಟ್ಟಣ ತಲುಪಿದಾಗ ಚಾರ್ಜು ಮೂರು, ಗಂಟೆ ಹತ್ತೂಕಾಲು. ಇನ್ನು ಒಂದು ಏರು ಹತ್ತಿದರೂ ಕಾರು ನಿಲ್ಲುತ್ತದೆ, ಅಕ್ಕನಿಗೆ ಮುಖ ತೋರಿಸುವುದು ಹೇಗೆ ಎಂದುಕೊಳ್ಳುತ್ತಾ ರಸ್ತೆಯ ಎರಡೂ ಬದಿ ಹುಡುಕುತ್ತಿದ್ದೆ. ಅಷ್ಟರಲ್ಲಿ ಹೊಚ್ಚ ಹೊಸ ಚಾರ್ಜರ್ ಕಂಡಿತು. ದೀಪ ಹತ್ತಿದೆ, ಆದರೆ ಮುಂದೆ ಕೆಂಪು ಟೇಪು ಕಟ್ಟಿದೆ. ತಟ್ಟೆಯಲ್ಲಿ ಕತ್ತರಿ ಇಟ್ಟುಕೊಂಡು ಒಬ್ಬ ನೌಕರ ನಿಂತಿದ್ದ.

“ಉದ್ಘಾಟ್ನೆ ಆಗ್ದೆ ಮುಟ್ಟಂಗಿಲ್ಲ ಸಾ.”

“ಯಾವಾಗ ಆಗುತ್ತೆ?”

“ನಮ್ ಸಾಹೇಬ್ರು ಬಂದ್ಮೇಲೆ. ಬೆಟ್ಟದಪುರದಲ್ಲಿ ಒಂದ್ ಮದ್ವೆಗೆ ಓಗವ್ರೆ. ತಾಳಿ ಕಟ್ಟಿದ್ ತಕ್ಷಣ ಎದ್ದು ಬತ್ತಾರೆ.”

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಜೇಬಿನಿಂದ ಡಬ್ಬಿ ತೆಗೆದು ಅವನ ಮುಂದೆ ಹಿಡಿದೆ. “ಕಟ್ಟಬೇಕಾದ ತಾಳಿ ಇದೇ ಕಣ್ರೀ!”

ಅವನು ಡಬ್ಬಿ ನೋಡಿದ, ಟೇಪು ನೋಡಿದ, ಗಾಬರಿಯಾಗಿ ಸಾಹೇಬರಿಗೆ ಫೋನು ಹಚ್ಚಿದ. ವಿಷಯ ಪೂರ್ತಿ ಹೇಳುವ ಮೊದಲೇ ಆ ಕಡೆಯಿಂದ ಅಕ್ಕನ ದನಿ ಬಂತು. ಸಾಹೇಬರ ಕೈಯಿಂದಲೇ ಫೋನು ಕಿತ್ತುಕೊಂಡಿದ್ದಳು. “ಟೇಪ್ ಕತ್ತರ್ಸಯ್ಯ! ಇಲ್ಲಾಂದ್ರೆ ನಿಮ್ ಸಾಹೇಬ್ರನ್ನ ಛತ್ರದಿಂದ ಆಚೆಗೇ ಬುಡಾಕಿಲ್ಲ!”

ಅವನು ತಟ್ಟೆ ಸಮೇತ ಕತ್ತರಿಯನ್ನು ನನ್ನ ಕಡೆ ಚಾಚಿದ. ನಾನೇ ಕತ್ತರಿಸಿದೆ. ಹತ್ತು ನಿಮಿಷ ಚಾರ್ಜು ಹಾಕಿಕೊಂಡು ಹೊರಟವನು ಛತ್ರ ಮುಟ್ಟಿದಾಗ ಹನ್ನೊಂದಕ್ಕೆ ಐದು ನಿಮಿಷ ಬಾಕಿ. ಅಕ್ಕ ಡಬ್ಬಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. “ಬಂದ್ಯಲ್ಲ, ಬುಡು” ಅಂದಳು. ನನಗೆ ಕಣ್ಣು ತುಂಬಿತು.

ಅಕ್ಷತೆ ಬಿದ್ದ ಮೇಲೆ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು. ಬೈಗುಳ ಗ್ಯಾರಂಟಿ ಎಂದುಕೊಂಡು ತಲೆ ತಗ್ಗಿಸಿ ಹೋದೆ.

“ಟೇಪು ವಾಪಸ್ ಕಟ್ಟಿಸಿದ್ದೀನಿ,” ಎಂದರು ಮೆಲ್ಲಗೆ. “ಊಟ ಮಾಡಿ ನೀವೇ ಕಾರ್ ತಗೊಂಡು ಬನ್ನಿ. ಉದ್ಘಾಟನೆಗೆ ಒಂದು ಎಲೆಕ್ಟ್ರಿಕ್ ಕಾರು ಬೇಕು ಅಂತ ವಾರದಿಂದ ಹುಡುಕಿಸ್ತಿದ್ದೆ, ಇಡೀ ತಾಲ್ಲೂಕಲ್ಲಿ ಒಂದೂ ಸಿಕ್ಕಿರಲಿಲ್ಲ.”