ಸರ್ವಮಂಗಳಾ ಎದ್ದೇಳದೆ ನೋಡಿದ ಪಿಚ್ಚರ್

ಗಂಗಾಧರಸ್ವಾಮಿಯವರು ಯಾವ ಸಿನಿಮಾದ ಮೊದಲ ಹತ್ತು ನಿಮಿಷ ನೋಡಿದರೂ ಉಳಿದ ಎರಡು ಗಂಟೆಯ ಕಥೆಯನ್ನು ಹೇಳಿಬಿಡುತ್ತಿದ್ದರು. ನಂಜನಗೂಡಿನ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಕಲಿಸಿದವರು. ಹುಡುಗ, ಹುಡುಗಿ, ಜಗಳ ಎಂಬ ಮೂರು ಅಂಶ ಸಿಕ್ಕರೆ ಉತ್ತರ ತೆಗೆಯುವುದು ಅವರಿಗೆ ಕಷ್ಟವಿರಲಿಲ್ಲ. (ಕಷ್ಟವಾಗುತ್ತಿದ್ದುದು ಪಕ್ಕದಲ್ಲಿ ಕೂತು ನೋಡುವವರಿಗೆ.)

ಅವರ ಹೆಂಡತಿ ಸರ್ವಮಂಗಳಾಳ ಸಾಧನೆಯೇ ಬೇರೆ. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ನೂರಾರು ಸಿನಿಮಾ ನೋಡಿದ್ದಳು, ಒಂದರ ಮಧ್ಯಭಾಗವನ್ನೂ ನೋಡಿರಲಿಲ್ಲ. ಹೀರೋ ಹೀರೋಯಿನ್ ಮೊದಲ ಸಲ ಎದುರಾಗುವಾಗ ಕೂತಿರುತ್ತಿದ್ದಳು. ಕೊನೆಯಲ್ಲಿ ತಾಳಿ ಕಟ್ಟುವಾಗ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿರುತ್ತಿದ್ದಳು. ನಡುವೆ ಅವರಿಬ್ಬರಿಗೆ ಪ್ರೀತಿ ಹೇಗೆ ಹುಟ್ಟಿತೋ ಅವಳು ಕಾಣಳು. ಆ ಹೊತ್ತಿಗೆ ಈ ಮನೆಯಲ್ಲಿ ಕಾಫಿಯೋ ಚಟ್ನಿಯೋ ಹುಟ್ಟುತ್ತಿತ್ತು.

ಶನಿವಾರ ಸಂಜೆ ಅವಳು ವಿಷಯ ಎತ್ತಿದಳು. "ನಾಳೆ ಹತ್ತೂವರೆಗೆ ಟಿ.ವಿ.ಲಿ ಒಂದು ಲವ್ ಕಾಮಿಡಿ ಹಾಕ್ತಾರೆ ಕಣ್ರೀ. ಒಂದ್ಸಲಾನೂ ಎದ್ದೇಳದೆ ನೋಡ್ಬೇಕು ಅಂತ ಆಸೆ."

"ಬೇಕರಿ ಹುಡುಗ, ದನದ ಡಾಕ್ಟ್ರು ಹುಡುಗಿ, ಅದೇ ತಾನೆ? ಜಾಹೀರಾತು ನೋಡ್ದೆ. ಸ್ಕೂಟರ್ ತಾಗುತ್ತೆ, ಜಗಳ ಆಡ್ತಾರೆ, ಪ್ರೀತಿ ಆಗುತ್ತೆ, ಯಾರೋ ಏನೋ ಹೇಳಿ ದೂರ ಆಗ್ತಾರೆ. ಕೊನೇಲಿ ಛತ್ರಕ್ಕೆ ಓಡಿ ಬರ್ತಾನೆ. ಹೇಳಿಬಿಟ್ನಲ್ಲ, ಇನ್ನು ನೋಡೋಕೇನಿದೆ?"

"ನಾಳೆ ಊಟಕ್ಕೆ ಮುದ್ದೆ ಅಂತ ನಿಮಗೆ ಇವತ್ತೇ ಗೊತ್ತಲ್ಲ. ಅದಕ್ಕೆ ಉಣ್ಣದೆ ಇರ್ತೀರಾ?"

"ಮುದ್ದೆಗೂ ಪಿಚ್ಚರ್‌ಗೂ ಏನು ಸಂಬಂಧ?"

"ಮುದ್ದೆ ನೀವು ಮಾಡಿದ್ರೆ ಪಿಚ್ಚರ್ ನಾನು ನೋಡಬಹುದು. ಅಷ್ಟೇ ಸಂಬಂಧ."

ಮಂಚದ ಮೇಲೆ ಕೂತಿದ್ದ ಗಂಗಾಧರಸ್ವಾಮಿಯವರ ತಾಯಿ ಚನ್ನಬಸಮ್ಮ ನಕ್ಕರು. ಹೆಡತಲೆ ಎಂಬ ಹಳ್ಳಿಯಿಂದ ಮಗನ ಮನೆಗೆ ಬಂದು ಹತ್ತು ವರ್ಷವಾಗಿದ್ದರೂ ನಾಲಿಗೆ ಇನ್ನೂ ಹೆಡತಲೆಯಲ್ಲೇ ಇತ್ತು. "ಅವ್ನು ಮಾಡ್ದಂಗೆ ಬುಡವ್ವ. ನೀರು ಕುಡಿಯೋಕೆ ಲೋಟ ಎಲ್ಲದೆ ಅಂತ ಕೇಳೋನು."

ಹೆತ್ತ ತಾಯಿಯೇ ಎದುರು ಪಕ್ಷ ಸೇರಿದ ಮೇಲೆ ಗಂಡಸಾದವನು ಸುಮ್ಮನಿರುವುದು ಹೇಗೆ? ಗಂಗಾಧರಸ್ವಾಮಿಯವರು ಪಾಕಶಾಲಾ ಪ್ರವೇಶಕ್ಕೆ ಸಂಕಲ್ಪ ಮಾಡಿದರು. ಅಲ್ಲೇ ಪಂದ್ಯವನ್ನೂ ಕಟ್ಟಿದ್ದಾಯಿತು. ಪಿಚ್ಚರ್ ಮುಗಿಯುವವರೆಗೆ ಹೆಂಡತಿಯನ್ನು ಒಂದು ಸಲ ಕರೆದರೂ ಅವರು ಸೋತಂತೆ. ಸೋತರೆ ಇನ್ನು ಮೇಲೆ ಪ್ರತಿ ಭಾನುವಾರದ ಅಡುಗೆ ಅವರದು. ಕರೆಯದೆ ಗೆದ್ದರೆ ಸರ್ವಮಂಗಳಾ ಮುಂದೆಂದೂ ಭಾನುವಾರ ಪಿಚ್ಚರ್ ನೋಡಬೇಕೆಂದು ಬಾಯಿ ಬಿಡುವಂತಿಲ್ಲ.

ಅವರಿಗೆ ಧೈರ್ಯವಿತ್ತು. ಸಿನಿಮಾದ ಕಥೆ ಗೊತ್ತಿದ್ದ ಹಾಗೆಯೇ ಹೆಂಡತಿಯ ಕಥೆಯೂ ಗೊತ್ತು. ಒಂದಿಷ್ಟು ಸೀದ ವಾಸನೆ ಬಂದರೆ ಸಾಕು, ಕರೆಯದೆಯೇ ಓಡಿ ಬರುತ್ತಾಳೆ.

ಭಾನುವಾರ ಹತ್ತೂವರೆಗೆ ಅತ್ತೆ ಸೊಸೆ ಕಾಲು ಚಾಚಿ ಕೂತರು. ಗಂಗಾಧರಸ್ವಾಮಿಯವರು ಪಂಚೆ ಎತ್ತಿ ಕಟ್ಟಿ ಹುರುಳಿಕಾಳನ್ನು ಬೇಯಲು ಇಟ್ಟರು. (ಕಾಳು ಹಿಂದಿನ ದಿನವೇ ತಾನಾಗಿ ಪಾತ್ರೆಗೆ ಇಳಿದು ನೆನೆದುಕೊಂಡಿದೆ ಎಂದೇ ಅವರ ನಂಬಿಕೆ. ಆ ಪಾತ್ರೆಯೂ ತಾನಾಗಿ ತೊಳೆದುಕೊಂಡದ್ದು.)

ಮೊದಲ ಸಂಕಟ ಹುಣಸೆಹಣ್ಣಿನ ರೂಪದಲ್ಲಿ ಬಂತು. ಹೆಂಡತಿಯನ್ನು ಕರೆಯುವಂತಿಲ್ಲ. ತಾಯಿಯನ್ನು ಕರೆಯಬಾರದೆಂದು ಯಾರೂ ಹೇಳಿರಲಿಲ್ಲ.

"ಅವ್ವ, ಹುಣಸೆಹಣ್ಣು ಎಲ್ಲಿಟ್ಟಿದೆ?"

"ತಡಿಲಾ. ಹುಡ್ಗ ಬೀರುವೊಳ್ಗೆ ಸಿಗಾಕಂಡವ್ನೆ."

ಸೌಟು ಹಿಡಿದೇ ಬಾಗಿಲಿಗೆ ಬಂದರು. ಬೇಕರಿ ಹುಡುಗ ಹುಡುಗಿಯ ಮನೆಯ ಬೀರುವಿನಲ್ಲಿ ಅವಿತಿದ್ದ. ಅವಳ ಅಜ್ಜಿ ಎಲ್ಲಿಗೋ ಹೊರಟವಳು ಬೀರು ತೆಗೆದು, ಕಣ್ಣು ಮಂಜಾದ್ದರಿಂದ, ಮಡಿಸಿದ ಸೀರೆಗಳನ್ನು ಒಂದೊಂದಾಗಿ ಅವನ ತಲೆಯ ಮೇಲೆ ಇಡುತ್ತಿದ್ದಳು. ಇವನು ಸೀನುತ್ತಾನೆ, ಗಂಗಾಧರಸ್ವಾಮಿಯವರಿಗೆ ಗೊತ್ತಿತ್ತು. ಸೀನಿದ. ಅಜ್ಜಿ ಅಪಶಕುನವೆಂದು ಕುರ್ಚಿ ಎಳೆದು ಬೀರುವಿನ ಮುಂದೆಯೇ ಕೂರುತ್ತಾಳೆ, ಅದೂ ಗೊತ್ತಿತ್ತು. ಕೂತಳು. ಗೊತ್ತಿದ್ದೂ ಗೊತ್ತಿದ್ದೂ ಅವರಿಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬಂತು.

ಸರ್ವಮಂಗಳಾ ಅತ್ತೆಯ ಭುಜಕ್ಕೆ ಒರಗಿ ನಗುತ್ತಿದ್ದಳು. ಅವಳ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆಂಬುದು ಅವರಿಗೆ ಮರೆತೇ ಹೋಗಿತ್ತು.

ಅಷ್ಟರಲ್ಲಿ ಒಲೆಯ ಮೇಲಿದ್ದ ಒಗ್ಗರಣೆ ಕಪ್ಪಗೆ ಹೊಗೆಯಾಯಿತು. ಅವರು ಒಳಗೆ ಓಡಿ ಬಾಣಲೆ ಇಳಿಸಿ ಕಾದರು. ಈಗ ಬರುತ್ತಾಳೆ. ಹೊಗೆ ನಡುಮನೆಗೆ ಹೋಯಿತು, ಫ್ಯಾನು ಅದನ್ನು ಎಲ್ಲರಿಗೂ ಹಂಚಿತು.

"ಅತ್ತೆ, ನಿಮ್ಮ ಕೈಗೆ ಸಿಕ್ಕಿದ್ರೆ ಆ ಕಿಟಕಿ ಸ್ವಲ್ಪ ತೆಗೀರಿ," ಎಂದಳು ಸರ್ವಮಂಗಳಾ, ಟಿ.ವಿ.ಯಿಂದ ಕಣ್ಣು ತೆಗೆಯದೆ.

ಇಪ್ಪತ್ತಾರು ವರ್ಷದ ಸೂತ್ರ ಹೀಗೆ ಕೈಕೊಟ್ಟ ಮೇಲೆ ಗಂಗಾಧರಸ್ವಾಮಿಯವರು ನಿಜವಾಗಿ ಅಡುಗೆ ಮಾಡಬೇಕಾಯಿತು. ಒಂಬತ್ತು ಡಬ್ಬಿ ತೆಗೆದ ಮೇಲೆ ಬಿಸ್ಕತ್ತಿನ ಡಬ್ಬಿಯಲ್ಲಿ ಹುಣಸೆಹಣ್ಣು ಸಿಕ್ಕಿತು. ಎರಡನೇ ಒಗ್ಗರಣೆ ಸೀಯಲಿಲ್ಲ. ಸಾರಿಗೆ ಒಂದು ಬಗೆಯ ಪರಿಮಳವೂ ಬಂತು. ನಡುನಡುವೆ ಬಾಗಿಲಿಗೆ ಹೋಗಿ ಇಣುಕಿದರು. ಹುಡುಗಿ ಅತ್ತಳು. ಹುಡುಗ ಕೇಕಿನ ಮೇಲೆ ಅವಳ ಹೆಸರು ಬರೆದು ಅಳಿಸಿದ. ಸಾರಿನಲ್ಲಿ ಈರುಳ್ಳಿ ಬೇಯುವ ಹೊತ್ತಿಗೆ ಅವಳಿಗೆ ಬೇರೆ ಗಂಡು ಗೊತ್ತಾಗಿದ್ದ.

ಎಸರು ಕುದಿದು ರಾಗಿಹಿಟ್ಟು ಸುರಿದ ಗಳಿಗೆಯಲ್ಲೇ ನಡುಮನೆಯಲ್ಲಿ ವಾಲಗ ಶುರುವಾಯಿತು. ಕೋಲು ಹಾಕಿದ ಮೇಲೆ ಮುದ್ದೆಯನ್ನು ಬಿಟ್ಟು ಹೋಗುವಂತಿಲ್ಲ, ಹೋದರೆ ಗಂಟು. ಪಾತ್ರೆಯನ್ನು ನೆಲಕ್ಕಿಳಿಸಿ, ಬಟ್ಟೆ ಸುತ್ತಿ, ಎರಡು ಪಾದಗಳ ನಡುವೆ ಒತ್ತಿ ಹಿಡಿದು ತಿರುವತೊಡಗಿದರು. ಬೆವರು ಕಣ್ಣಿಗಿಳಿಯಿತು.

ಛತ್ರಕ್ಕೆ ಬಂದನೋ ಇಲ್ಲವೋ?

ಬರುತ್ತಾನೆಂದು ಅವರೇ ಹೇಳಿದ್ದರು. ಆದರೆ ಹೇಗೆ ಬಂದ? ಅಜ್ಜಿ ಏನೆಂದಳು? ಅತ್ತ ಅತ್ತೆ ಸೊಸೆ ಒಟ್ಟಿಗೆ ನಕ್ಕರು, ಚನ್ನಬಸಮ್ಮ ಚಪ್ಪಾಳೆಯನ್ನೇ ತಟ್ಟಿದರು. ಹುಣಸೆಹಣ್ಣಿಗಾಗಿಯೂ ಹೆಂಡತಿಯನ್ನು ಕರೆಯದ ಮನುಷ್ಯನಿಗೆ ಈಗ "ಮಂಗಳಾ, ಏನಾಯ್ತೇ" ಎಂಬ ಕೂಗು ಗಂಟಲವರೆಗೆ ಬಂತು. ಹಲ್ಲು ಕಚ್ಚಿ ಇನ್ನೂ ಜೋರಾಗಿ ತಿರುವಿದರು. ಬಹುಶಃ ಅದಕ್ಕೇ ಮುದ್ದೆಯಲ್ಲಿ ಒಂದೂ ಗಂಟು ಉಳಿಯಲಿಲ್ಲ.

ಊಟಕ್ಕೆ ಕೂತರು. ಚನ್ನಬಸಮ್ಮ ಒಂದು ತುತ್ತು ಮುರಿದು ಸಾರಿಗೆ ಅದ್ದಿ ನುಂಗಿದರು. ಗಂಗಾಧರಸ್ವಾಮಿಯವರು ಎಸ್.ಎಸ್.ಎಲ್.ಸಿ. ಫಲಿತಾಂಶಕ್ಕೆ ಕಾಯುವ ಹುಡುಗನಂತೆ ಅವರ ಬಾಯನ್ನೇ ನೋಡಿದರು.

"ಬೆಣ್ಣೆ ಇದ್ದಂಗದೆ ಕಣ್ಲಾ," ಎಂದರು ತಾಯಿ.

"ನೀವು ಗೆದ್ರಿ," ಎಂದಳು ಸರ್ವಮಂಗಳಾ. ಅವಳ ಮುಖ ಸ್ವಲ್ಪ ಸಪ್ಪಗಾಗಿತ್ತು. "ಮಾತು ಅಂದ್ರೆ ಮಾತು. ಇನ್ನು ನಾನು ಪಿಚ್ಚರ್ ಅಂತ ಕೇಳಲ್ಲ."

ಅಷ್ಟರಲ್ಲಿ ಟಿ. ನರಸೀಪುರದಿಂದ ಅವಳ ತಂಗಿ ನಂದಿತಾಳ ಫೋನು. ಕೈ ಮುದ್ದೆಯಾಗಿದ್ದರಿಂದ ಸ್ಪೀಕರ್ ಹಾಕಿ ಸರ್ವಮಂಗಳಾ ನಡೆದದ್ದನ್ನೆಲ್ಲ ಹೇಳಿದಳು.

"ಭಾವ ಮುದ್ದೆ ತಿರುವಿದ್ರಾ? ಸುಮ್ನಿರಕ್ಕ. ನೀನು ಪಿಚ್ಚರ್ ನೋಡೋವಾಗ ಹಿಂದಿನ ಬಾಗಿಲಲ್ಲಿ ಹೋಟೆಲಿಂದ ತರಿಸಿರ್ತಾರೆ."

ಗಂಗಾಧರಸ್ವಾಮಿಯವರು ಎಡಗೈಯಲ್ಲಿ ಫೋನು ಕಿತ್ತುಕೊಂಡರು. "ಯಾವ ಹೋಟ್ಲಮ್ಮ? ಮುಂದಿನ ಭಾನುವಾರ ನೀನು, ನಿನ್ನ ಗಂಡ, ಮಕ್ಕಳು ಎಲ್ಲ ಬನ್ನಿ. ನಿಮ್ಮ ಕಣ್ಣೆದುರಿಗೇ ಮಾಡ್ತೀನಿ. ಅಡುಗೆಮನೆಗೆ ಯಾರೂ ಕಾಲಿಡಕೂಡದು. ಹನ್ನೆರಡೂವರೆಗೆ ಸರಿಯಾಗಿ ಬರಬೇಕು, ಬಿಸಿ ಇದ್ದಾಗಲೇ ಉಣ್ಣಬೇಕು ಅದನ್ನ."

ಫೋನಿಟ್ಟು ಗೆದ್ದವರ ಠೀವಿಯಲ್ಲಿ ಸುತ್ತ ನೋಡಿದರು. ಸರ್ವಮಂಗಳಾ ತಲೆ ತಗ್ಗಿಸಿ ಸಾರು ಬಡಿಸಿಕೊಳ್ಳುತ್ತಿದ್ದಳು. ಗುಳಿ ಬೀಳುವ ಎಡಗೆನ್ನೆ ಮಾತ್ರ ಅವರಿಗೆ ಕಾಣದಂತೆ ಅತ್ತ ಕಡೆಗಿತ್ತು.

"ಆವತ್ತೂ ಪಿಚ್ಚರ್ ಹಾಕ್ತಾರೇನವ್ವ?" ಎಂದು ಚನ್ನಬಸಮ್ಮ ಸೊಸೆಯನ್ನು ಕೇಳಿದರು.

ಅವಳು ಪಿಚ್ಚರ್ ಅಂತ ಕೇಳುವಂತಿರಲಿಲ್ಲ. ಅತ್ತೆ ಕೇಳಿದ್ದಕ್ಕೆ ಉತ್ತರ ಹೇಳಬಾರದೆಂದೇನೂ ಇರಲಿಲ್ಲವಲ್ಲ.

"ಎರಡು ಹಾಕ್ತಾರೆ ಅತ್ತೆ," ಎಂದಳು.